ಹೊರಗಿನಿಂದ ಒತ್ತಿದ ಬಂಪರ್: ಮನೆಯಂಗಳದಲ್ಲಿ ನಡೆದ ಒಂದು ರಿಪೇರಿಯ ಪ್ರಕರಣ ಅಧ್ಯಯನ

ಜುಲೈ ತಿಂಗಳ ಒಂದು ಸಂಜೆ, ಶಿವಮೊಗ್ಗದಲ್ಲಿರುವ ನಮ್ಮ ಅಕ್ಕನ ಮನೆಯ ಗೇಟಿನ ಬಳಿ, ಆಕೆಯ ಮಗ ಮಳೆಯಲ್ಲಿ ಕಾರನ್ನು ಒಳಗೆ ತಿರುಗಿಸುವಾಗ ಮುಂಭಾಗದ ಎಡ ಮೂಲೆಯು ಚರಂಡಿಯ ಮೇಲೆ ಹಾಸಿದ್ದ ಕಲ್ಲು ಚಪ್ಪಡಿಯ ಅಂಚಿಗೆ ತಗುಲಿತು. ವೇಗ ಹೆಚ್ಚಿರಲಿಲ್ಲ. ಆದರೆ ಬಂಪರಿನ ಎಡತುದಿ ಫೆಂಡರಿನಿಂದ, ಅಂದರೆ ಚಕ್ರದ ಮೇಲಿನ ತಗಡಿನಿಂದ, ಕಳಚಿಕೊಂಡು ಎರಡು ಬೆರಳು ತೂರುವಷ್ಟು ಸಂದು ಬಿಟ್ಟಿತು. ಕಾರು 2018ರಲ್ಲಿ ನೋಂದಣಿಯಾದ ಐದು ಬಾಗಿಲಿನ ಹ್ಯಾಚ್‌ಬ್ಯಾಕ್. ಅದಕ್ಕೆ ಹಿಂದೆಯೂ ಒಮ್ಮೆ ಯಾರೋ ಬಂಪರ್ ಬಿಚ್ಚಿ ಹಾಕಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಹುಡುಗ ಮೊದಲು ಅಂಗೈಯಿಂದ ಒತ್ತಿ ನೋಡಿದ್ದಾನೆ, ಕೂರಲಿಲ್ಲ. ಮುಷ್ಟಿಯಿಂದ ಗುದ್ದಿದ್ದಾನೆ, ‘ಟಕ್’ ಎಂದು ಸದ್ದಾಗಿ, ಕೂತಿತೆಂದು ಸಂತೋಷಪಟ್ಟಿದ್ದಾನೆ, ಮರುದಿನ ಮೊದಲ ಹಂಪ್‌ನಲ್ಲೇ ಅದು ಮತ್ತೆ ಕಳಚಿದೆ. ಅದಾದ ಮೇಲೆ ದಿಢೀರ್ ಅಂಟು, ಕೊನೆಗೆ ಕೇಬಲ್ ಟೈ. ನಾನು ಹೋಗಿ ನೋಡುವ ಹೊತ್ತಿಗೆ ಇಷ್ಟೂ ಪ್ರಯೋಗಗಳು ಮುಗಿದಿದ್ದವು.

ನಾನು ಮೋಟಾರು ಮೆಕ್ಯಾನಿಕ್ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದವನು. ಬಂಪರ್ ಬಿಚ್ಚುವುದು ಆ ವಿದ್ಯೆಯಲ್ಲಿ ದೊಡ್ಡ ಕೆಲಸವೇನೂ ಅಲ್ಲ. ಆದರೂ ಈ ಪ್ರಕರಣವನ್ನು ಬರೆದಿಡಲು ಕಾರಣವಿದೆ: ಇಲ್ಲಿ ಆದ ನಷ್ಟದ ದೊಡ್ಡ ಪಾಲು ಕಲ್ಲಿನಿಂದ ಆದದ್ದಲ್ಲ, ಒಳಗೇನಾಗಿದೆ ಎಂದು ನೋಡದೆ ಹೊರಗಿನಿಂದ ಒತ್ತಿದ್ದರಿಂದ ಆದದ್ದು.

ಮೊದಲು ಆ ವಸ್ತುವಿನ ಬಗ್ಗೆ ಎರಡು ಮಾತು. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಬಂಪರ್ ಎಂದರೆ ಕ್ರೋಮಿಯಂ ಲೇಪದ ಉಕ್ಕಿನ ಪಟ್ಟಿ. ಕೆಲವು ಬೋಲ್ಟುಗಳನ್ನು ತೆಗೆದರೆ ಕೈಗೆ ಬರುತ್ತಿತ್ತು, ತುಕ್ಕು ಹಿಡಿದ ಬೋಲ್ಟು ಮುರಿಯದಿದ್ದರೆ. ಇಂದು ಹೊರಗೆ ಕಾಣುವ, ಬಣ್ಣ ಬಳಿದ ಆ ಅಗಲವಾದ ಭಾಗ ಪ್ಲಾಸ್ಟಿಕ್ಕಿನ ಹೊದಿಕೆ ಮಾತ್ರ. ಡಿಕ್ಕಿಯ ಬಲವನ್ನು ತಡೆಯುವುದು ಅದರ ಹಿಂದೆ ಅಡ್ಡಲಾಗಿ ಕೂತಿರುವ ಉಕ್ಕಿನ ತೊಲೆ. ಅದು ಚಾಸಿಯ, ಅಂದರೆ ಕಾರಿನ ಚೌಕಟ್ಟಿನ, ಎರಡು ಉದ್ದ ತೊಲೆಗಳ ತುದಿಗೆ ಬೋಲ್ಟಾಗಿರುತ್ತದೆ. ಅನೇಕ ಕಾರುಗಳಲ್ಲಿ ತೊಲೆಗೂ ಹೊದಿಕೆಗೂ ನಡುವೆ ಹಗುರವಾದ ಫೋಮಿನ ದಿಂಬು ಇರುತ್ತದೆ. ಹೊದಿಕೆಯು ತನ್ನ ಮೇಲಂಚಿನಲ್ಲಿ ಕ್ಲಿಪ್ಪುಗಳಿಂದ, ಕೆಳಗೆ ಮತ್ತೆ ಕ್ಲಿಪ್ಪುಗಳಿಂದ, ಚಕ್ರದ ಗೂಡಿನಲ್ಲಿ ಸ್ಕ್ರೂಗಳಿಂದ, ಎರಡು ಪಕ್ಕಗಳಲ್ಲಿ ಫೆಂಡರಿಗೆ ಕೂರಿಸಿದ ಸೈಡ್ ಬ್ರ್ಯಾಕೆಟ್ಟಿನ ಕೊಕ್ಕೆಗಳಿಂದ ನಿಂತಿರುತ್ತದೆ. ಈ ಕೊನೆಯದು ಹೊರಗಿನಿಂದ ಕಾಣುವುದೇ ಇಲ್ಲ. ನಮ್ಮ ಹುಡುಗ ಗುದ್ದಿದ್ದು ಸರಿಯಾಗಿ ಅದರ ಮೇಲೆ.

ಬಿಚ್ಚುವ ಮೊದಲು ತೀರ್ಮಾನವಾಗಬೇಕಿದ್ದ ಪ್ರಶ್ನೆ ವಿಮೆಯದು. ಒಂದು ಗ್ಯಾರೇಜಿನಲ್ಲಿ ಹೊಸ ಹೊದಿಕೆ ಹಾಕಿ ಬಣ್ಣ ಹೊಡೆಯಲು 11,500 ರೂಪಾಯಿ ಹೇಳಿದ್ದರು. “ಇನ್ಶೂರೆನ್ಸ್ ಕ್ಲೇಮ್ ಮಾಡಿಬಿಡೋಣ ಮಾವ, ಸುಮ್ಮನೆ ಯಾಕೆ ಕೈ ಕೊಳೆ ಮಾಡಿಕೊಳ್ಳೋದು?” ಎಂದು ಹುಡುಗ ಕೇಳಿದ್ದು ನ್ಯಾಯವೇ. ಆದರೆ ಅವನ ಪಾಲಿಸಿಯಲ್ಲಿ ಸವಕಳಿ ಕಡಿತವನ್ನು ತಪ್ಪಿಸುವ ಹೆಚ್ಚುವರಿ ರಕ್ಷಣೆ ಇರಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟನ್ನು ಸವಕಳಿಯೆಂದು ಕಳೆಯುತ್ತಾರೆ; 1500 ಸಿಸಿ ಒಳಗಿನ ಖಾಸಗಿ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ಮಾಲೀಕನೇ ಭರಿಸಬೇಕು. ಇದರ ಮೇಲೆ, ಮೂರು ವರ್ಷ ಕ್ಲೇಮ್ ಮಾಡದೆ ಅವನು ಗಳಿಸಿದ್ದ ಶೇ. 35ರ ನೋ ಕ್ಲೇಮ್ ಬೋನಸ್ ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿಯುತ್ತದೆ, ಅದನ್ನು ಮತ್ತೆ ಶೇ. 20ರಿಂದ ಹತ್ತಬೇಕು. ಈ ರಿಯಾಯಿತಿ ಸ್ವಂತ ಹಾನಿಯ ಭಾಗದ ಪ್ರೀಮಿಯಮ್ಮಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಕೂಡಿ ಕಳೆದಾಗ, ಕ್ಲೇಮಿನಿಂದ ಕೈಗೆ ಬರುವುದು ಅಷ್ಟೇನೂ ಉಳಿಯಲಿಲ್ಲ. ಒಂದು ವೇಳೆ ಕ್ಲೇಮ್ ಮಾಡುವ ಮನಸ್ಸೇ ಇದ್ದಿದ್ದರೆ ನಾನು ಒಂದು ಸ್ಕ್ರೂವನ್ನೂ ಮುಟ್ಟುತ್ತಿರಲಿಲ್ಲ. ಹಾನಿಯ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ಮೊದಲು ಬಿಚ್ಚಿದ ಕಾರಿನ ಹಾನಿಯನ್ನು ವಿಮಾ ಕಂಪನಿ ಒಪ್ಪುವಂತೆ ಮಾಡುವುದು ಕಷ್ಟದ ಕೆಲಸ.

ಇನ್ನೊಂದು ಪರೀಕ್ಷೆಯನ್ನೂ ಆಗಲೇ ಮಾಡಿದೆವು. ಬಾನೆಟ್ಟಿನ ಎರಡು ಪಕ್ಕದ ಸಂದು ಸಮವಾಗಿದೆಯೇ, ಎಡ ಹೆಡ್‌ಲೈಟ್ ಹಿಂದಕ್ಕೆ ಸರಿದಿದೆಯೇ, ರೇಡಿಯೇಟರಿನ ಕೆಳಗೆ ನೀರಿನ ಹನಿ ಇದೆಯೇ ಎಂದು ನೋಡಿದೆವು. ಇವುಗಳಲ್ಲಿ ಯಾವುದೊಂದು ಇದ್ದಿದ್ದರೂ ಪೆಟ್ಟು ಹೊದಿಕೆಯನ್ನು ದಾಟಿದೆ ಎಂದರ್ಥ, ಆಗ ಅದು ಅಂಗಳದ ಕೆಲಸವಲ್ಲ. ಗ್ರಿಲ್ಲಿನ ಅಥವಾ ಬಂಪರಿನ ಹಿಂದೆ ರೇಡಾರ್ ಇರುವ ಹೊಸ ಕಾರುಗಳೂ ಅಂಗಳಕ್ಕೆ ಸೇರಿದವಲ್ಲ. ಅದರ ಕೋನ ಸ್ವಲ್ಪ ತಪ್ಪಿದರೂ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ ರಸ್ತೆಯನ್ನು ತಪ್ಪಾಗಿ ಓದಬಹುದು, ಅದನ್ನು ಸರಿಪಡಿಸಲು ಮನೆಯಲ್ಲಿ ಸಾಧನವಿರುವುದಿಲ್ಲ. ನಮ್ಮ ಕಾರಿನಲ್ಲಿ ಅಂಥದ್ದೇನೂ ಇರಲಿಲ್ಲ.

ಸಾಮಗ್ರಿ ಹೆಚ್ಚೇನೂ ಬೇಕಾಗಲಿಲ್ಲ. ಒಂದು ಗಿಡ್ಡ, ಒಂದು ಉದ್ದದ ಸ್ಟಾರ್ ಸ್ಕ್ರೂಡ್ರೈವರ್, 10 ಮಿಲಿಮೀಟರಿನ ಬಾಕ್ಸ್ ಸ್ಪ್ಯಾನರ್, ಮಾಸ್ಕಿಂಗ್ ಟೇಪು, ಒಂದು ಹಳೆಯ ಜಮಖಾನೆ, ಕ್ಲಿಪ್ಪೆಬ್ಬಲು ಬಿದಿರಿನ ಚಪ್ಪಟೆ ಚಕ್ಕೆ. ಪ್ಲಾಸ್ಟಿಕ್ಕಿನ ಮೀಟುಗೋಲುಗಳು ಅಂಗಡಿಯಲ್ಲಿ ಸಿಗುತ್ತವೆ. ಬಿದಿರಿನದು ಬಣ್ಣಕ್ಕೆ ಗೀರು ಹಾಕದೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಇಡಲು ನಾನು ಅಕ್ಕನ ಹಳೆಯ ಇಡ್ಲಿ ತಟ್ಟೆಗಳನ್ನು ಕೇಳಿದೆ. “ತೊಳೆದು ಕೊಡೋದಾದ್ರೆ ತಗೋ” ಎಂಬ ಷರತ್ತಿನ ಮೇಲೆ ಸಿಕ್ಕವು. ತಮಾಷೆಯೆನಿಸಿದರೂ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಗೊತ್ತಿಲ್ಲ: ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ, ಗುಳಿಯ ಪಕ್ಕದಲ್ಲಿ ಟೇಪಿನ ಮೇಲೆ ಜಾಗದ ಹೆಸರು. ಬಂಪರಿನ ಸ್ಕ್ರೂಗಳು ನೋಡಲು ಒಂದೇ ತರಹ ಕಂಡರೂ ಉದ್ದ ಬೇರೆ ಬೇರೆ ಇರುತ್ತದೆ, ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ಅದು ಹಿಂದಿರುವ ಯಾವುದನ್ನೋ ಚುಚ್ಚುತ್ತದೆ.

ಕೆಲಸದ ಕ್ರಮದಲ್ಲಿ ಮೊದಲ ತೊಡಕು ಬ್ಯಾಟರಿಯದು. ಡಿಕ್ಕಿಯಾದರೆ ಏರ್‌ಬ್ಯಾಗಿಗೆ ಸುದ್ದಿ ಕೊಡುವ ಸಂವೇದಕ ಹಲವು ಕಾರುಗಳಲ್ಲಿ ಮುಂಭಾಗದ ತೊಲೆಯ ಆಸುಪಾಸಿನಲ್ಲೇ ಇರುವುದರಿಂದ, ಅಲ್ಲಿ ಕೈ ಹಾಕುವ ಮೊದಲು ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ, ಕೆಲವು ನಿಮಿಷ ಕಾಯುವುದು ನಿಯಮ. ಆದರೆ ಚಕ್ರದ ಗೂಡಿನ ಸ್ಕ್ರೂಗಳಿಗೆ ಕೈ ಹೋಗಬೇಕಾದರೆ ಚಕ್ರ ತಿರುಗಬೇಕು: ಎಡಗೂಡಿಗೆ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ, ಬಲಗೂಡಿಗೆ ಪೂರ್ತಿ ಎಡಕ್ಕೆ ತಿರುಗಿಸಿದಾಗ ಚಕ್ರದ ಮುಂದಿನ ಅಂಚು ಒಳಗೆ ಸರಿದು ಕೈಗೆ ಜಾಗ ಸಿಗುತ್ತದೆ. ವಿದ್ಯುತ್ ಸ್ಟಿಯರಿಂಗ್ ಬ್ಯಾಟರಿಯಿಲ್ಲದೆ ಕಬ್ಬಿಣದ ಕಡಲೆ. ಆದ್ದರಿಂದ ಎರಡೂ ಗೂಡುಗಳ ಕೆಲಸವನ್ನು ಮೊದಲು ಮುಗಿಸಿ, ಚಕ್ರ ನೇರ ಮಾಡಿ, ಆಮೇಲೆ ಬ್ಯಾಟರಿ ಕಳಚಿದೆವು. ಬ್ಯಾಟರಿಯನ್ನೇ ಮೊದಲು ಕಳಚಿದ್ದರೆ ಅರ್ಧ ದಾರಿಯಲ್ಲಿ ಮತ್ತೆ ಜೋಡಿಸಬೇಕಾಗುತ್ತಿತ್ತು.

ಗೂಡಿನೊಳಗೆ, ಕೆಸರು ತಡೆಯುವ ಒಳಹೊದಿಕೆಯನ್ನು ಬಂಪರಿಗೆ ಹಿಡಿದ ಎರಡು ಸ್ಕ್ರೂ ಸುಲಭವಾಗಿ ಕಂಡವು. ಮೂರನೆಯದು ಕಾಣಲಿಲ್ಲ. ಅದು ಫೆಂಡರ್ ಮತ್ತು ಬಂಪರ್ ಕೂಡುವ ಮೂಲೆಯಲ್ಲಿ, ಒಳಹೊದಿಕೆಯ ಮರೆಯಲ್ಲಿ, ಕೆಳಗಿನಿಂದ ಮೇಲಕ್ಕೆ ಹೋದ ಸ್ಕ್ರೂ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುವಂಥದ್ದು. ಮನೆಯಲ್ಲಿ ಬಂಪರ್ ಬಿಚ್ಚಲು ಹೋಗಿ ಫೆಂಡರಿನ ತುದಿ ಬಗ್ಗಿಸಿದವರನ್ನು ಕೇಳಿದರೆ, ಬಹಳ ಸಲ ಈ ಒಂದು ಸ್ಕ್ರೂ ಉಳಿದಿರುತ್ತದೆ. ನಮ್ಮ ಕಾರಿನಲ್ಲಿ ಎಡಗಡೆಯದು ಕೆಸರು ಮೆತ್ತಿ ತುಕ್ಕು ಹಿಡಿದಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ತಲೆಯನ್ನು ಶುಚಿಮಾಡಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ಲೋಟ ಕಾಫಿ ಕುಡಿದು ಬಂದ ಮೇಲೆ ಬಿಟ್ಟುಕೊಟ್ಟಿತು. ತಲೆ ಸವೆಯುವವರೆಗೂ ತಿರುಪುವ ಆತುರ ತೋರದಿದ್ದುದೇ ಅಲ್ಲಿ ಉಪಕಾರವಾಯಿತು.

ಮೇಲಂಚು ನಿರಾಯಾಸವಾಗಿತ್ತು: ಬಾನೆಟ್ ಎತ್ತಿದರೆ ನಾಲ್ಕು ಕ್ಲಿಪ್ಪು, ಎರಡು 10ರ ಬೋಲ್ಟು. ಈ ಕ್ಲಿಪ್ಪುಗಳ ರಹಸ್ಯ ಇಷ್ಟೆ: ನಡುವಿನ ಗುಂಡಿಯನ್ನು ಮೊದಲು ಎಬ್ಬಿದರೆ ಕಾಲುಗಳು ಸಡಿಲಾಗಿ ಇಡೀ ಕ್ಲಿಪ್ಪು ಎದ್ದು ಬರುತ್ತದೆ, ಒಟ್ಟಿಗೆ ಕಿತ್ತರೆ ಕಾಲು ಮುರಿಯುತ್ತದೆ. ಇಂಜಿನ್ನಿನ ಕಾವಿಗೆ ವರ್ಷಗಟ್ಟಲೆ ಒಣಗಿದ ಪ್ಲಾಸ್ಟಿಕ್ ಆದ್ದರಿಂದ ಎಷ್ಟೇ ಜಾಗ್ರತೆ ಮಾಡಿದರೂ ಒಂದೆರಡು ಹೋಗುತ್ತವೆ. ನಮ್ಮಲ್ಲಿ ಮೂರು ಹೋದವು. ಕೆಳಭಾಗಕ್ಕೆ ಜಮಖಾನೆ ಹಾಸಿ ಮಲಗಿ ಕೈ ಚಾಚಿದೆ. ಕಾರನ್ನು ಜಾಕ್ ಮೇಲೆ ಎತ್ತಲಿಲ್ಲ. ಟೈರ್ ಬದಲಿಸಲು ಕೊಟ್ಟ ಜಾಕಿನ ಭರವಸೆಯ ಮೇಲೆ ಕಾರಿನಡಿ ತಲೆ ಹಾಕುವವರನ್ನು ನಾನು ಕಂಡಿದ್ದೇನೆ, ಪಾಠ ಹೇಳುವಾಗ ಅದೊಂದಕ್ಕೆ ಮಾತ್ರ ಗಟ್ಟಿಯಾಗಿ ಬೈಯುತ್ತಿದ್ದೆ. ಕೆಳಗೆ ಐದು ಕ್ಲಿಪ್ಪಿರಬೇಕಾದಲ್ಲಿ ಮೂರು ಕ್ಲಿಪ್ಪು, ಮರಕ್ಕೆ ಹಾಕುವ ಎರಡು ಉದ್ದನೆಯ ಸ್ಕ್ರೂ ಇದ್ದವು. ಹಿಂದೆ ಯಾರೋ ಬಿಚ್ಚಿದ್ದರೆಂದು ತಿಳಿದದ್ದು ಆಗಲೇ.

ಈಗ ಕಳಚುವ ಘಟ್ಟ. ಫೆಂಡರಿನ ಅಂಚಿಗೂ ಹೆಡ್‌ಲೈಟಿನ ಕೆಳಗಿನ ಅಂಚಿಗೂ ಟೇಪು ಅಂಟಿಸಿದೆವು. ಬಲಗಡೆಯಿಂದ ಆರಂಭಿಸಿ, ಚಕ್ರದ ಗೂಡಿನ ಅಂಚಿನಲ್ಲಿ ಎರಡೂ ಅಂಗೈಗಳಿಂದ ಹಿಡಿದು ಹೊರಮುಖವಾಗಿ, ಅಂದರೆ ಕಾರಿನ ಪಕ್ಕಕ್ಕೆ, ಮುಂದಕ್ಕಲ್ಲ, ಎಳೆದಾಗ ಕೊಕ್ಕೆಗಳು ಒಂದೊಂದಾಗಿ ಬಿಟ್ಟುಕೊಂಡವು. ಆ ಸದ್ದಿಗೆ ಹೊಸಬರು ಹೆದರುತ್ತಾರೆ. ಕೊಕ್ಕೆ ಬಿಡುವ ಸದ್ದು ಚುಟುಕಾಗಿ ಒಂದೇ ಸಲ ಕೇಳುತ್ತದೆ, ಮುರಿಯುವ ಸದ್ದಿಗೆ ಮೊದಲು ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ. ಬಿಳಿಚಿಕೊಂಡ ಗೆರೆ ಕಂಡರೆ ಕೈ ನಿಲ್ಲಿಸಬೇಕು.

ಎಡ ಮೂಲೆ ಹೇಗೂ ಅರ್ಧ ಬಿಟ್ಟಿದ್ದರಿಂದ ಅದು ಸುಲಭವೆಂದುಕೊಂಡೆವು, ಅಲ್ಲೇ ಒಂದು ತಪ್ಪು ನಡೆಯಿತು. ಬಲಗಡೆಯ ಫಾಗ್ ಲ್ಯಾಂಪಿನ (ಮಂಜಿನ ದೀಪದ) ತಂತಿ ಜೋಡಿಸುವ ಕಪ್ಲರನ್ನು ಗೂಡಿನ ಒಳಹೊದಿಕೆ ಸರಿಸಿ ಮೊದಲೇ ಕಳಚಿದ್ದೆ. ಎಡಗಡೆಯದನ್ನು ಹುಡುಗ ಕಳಚಿದ್ದಾನೆಂದು ನಾನು, ನಾನು ಕಳಚಿದ್ದೇನೆಂದು ಅವನು ತಿಳಿದಿದ್ದೆವು. ಹೊದಿಕೆಯನ್ನು ಇಬ್ಬರೂ ಹಿಡಿದು ಮುಂದಕ್ಕೆ ಎಳೆದಾಗ ಒಂದು ಗೇಣು ಬಂದು ನಿಂತುಬಿಟ್ಟಿತು. “ಇನ್ನೊಂದು ಚೂರು ಎಳೀಲಾ ಮಾವ?” ಎಂದ. “ಬೇಡ, ಹಿಡಿದುಕೊಂಡೇ ನಿಲ್ಲು” ಎಂದು ಬಗ್ಗಿ ನೋಡಿದರೆ ತಂತಿ ವೀಣೆಯ ತಂತಿಯಂತೆ ಬಿಗಿದಿತ್ತು. ಕಪ್ಲರಿನ ನಾಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸಿದೆ. ಪುಣ್ಯಕ್ಕೆ ತಂತಿ ಹರಿದಿರಲಿಲ್ಲ. ಇಬ್ಬರು ಕೆಲಸ ಮಾಡುವಾಗ ತಂತಿಗಳ ಹೊಣೆ ಒಬ್ಬರದೇ ಆಗಿರಬೇಕೆಂಬುದು ನನಗೆ ಗೊತ್ತಿದ್ದ ವಿಷಯವೇ. ಅಂದು ಹೇಳಲು ಮರೆತೆ.

ಹೊದಿಕೆಯನ್ನು ಜಮಖಾನೆಯ ಮೇಲೆ ಮಲಗಿಸಿ ಒಳಗೆ ನೋಡಿದಾಗ ಪ್ರಕರಣದ ಚಿತ್ರ ಬೇರೆಯಾಯಿತು. ಉಕ್ಕಿನ ತೊಲೆ ನೇರವಾಗಿತ್ತು, ಅದರ ಬಣ್ಣ ಎಲ್ಲಿಯೂ ಬಿರಿದಿರಲಿಲ್ಲ. ತೊಲೆಗೂ ಫೋಮಿಗೂ ನಡುವೆ ಇಲಿ ತೆಂಗಿನ ನಾರು ತುಂಬಿ ಗೂಡು ಕಟ್ಟಿತ್ತು. ಅದನ್ನು ತೆಗೆದು, ಹತ್ತಿರದ ತಂತಿಗಳನ್ನು ಕಚ್ಚಿದೆಯೇ ಎಂದು ಒಂದೊಂದಾಗಿ ಸವರಿ ನೋಡಿದೆವು. ಎಡ ಸೈಡ್ ಬ್ರ್ಯಾಕೆಟ್ಟಿನ ನಾಲ್ಕು ಕೊಕ್ಕೆಮನೆಗಳಲ್ಲಿ ಎರಡು ಮುರಿದಿದ್ದವು. ಅದಕ್ಕಿಂತ ಮುಖ್ಯವಾಗಿ, ಆ ಬ್ರ್ಯಾಕೆಟ್ ಕೂತಿದ್ದ ಫೆಂಡರಿನ ತಗಡಿನ ಅಂಚೇ ಸುಮಾರು ಅರ್ಧ ಸೆಂಟಿಮೀಟರ್ ಒಳಕ್ಕೆ ಬಾಗಿತ್ತು. ಕೊಕ್ಕೆ ಸೇರಬೇಕಾದ ಜಾಗವೇ ಹಿಂದೆ ಸರಿದಿರುವಾಗ ಹೊರಗಿನಿಂದ ಎಷ್ಟು ಒತ್ತಿದರೂ ಅದು ಸೇರುವಂತಿರಲಿಲ್ಲ. ಗುದ್ದಿದ ಬಲವೆಲ್ಲ ಹೋಗಿದ್ದು ಹೊದಿಕೆಯಿಂದಲೇ ಕಿವಿಯಂತೆ ಚಾಚಿದ ಒಂದು ತುಂಡಿಗೆ. ಅದು ಬುಡದಲ್ಲಿ ಮುರಿದು ತೊಗಲಿನಲ್ಲಿ ನೇತಾಡುತ್ತಿತ್ತು. ‘ಟಕ್’ ಎಂದು ಕೇಳಿದ ಸದ್ದು ಕೂತದ್ದರದಲ್ಲ, ಮುರಿದದ್ದರದು. ಅದರ ಸುತ್ತ ದಿಢೀರ್ ಅಂಟಿನ ಬಿಳಿ ಕಲೆ ಬೇರೆ.

ಆ ಅಂಟು ಹಿಡಿಯದಿರಲು ಕಾರಣ ಹೊದಿಕೆಯ ಒಳಮೈಯಲ್ಲೇ ಅಚ್ಚಾಗಿತ್ತು. ಪಿಪಿ, ಇಪಿಡಿಎಂ, ಟಿಡಿ20 ಎಂಬ ಗುರುತುಗಳಿದ್ದವು: ಪಾಲಿಪ್ರೊಪಿಲೀನ್, ಅದಕ್ಕೆ ಬಳುಕು ಕೊಡುವ ರಬ್ಬರ್, ತೂಕದಲ್ಲಿ ಶೇ. 20ರಷ್ಟು ಟಾಲ್ಕ್ ಪುಡಿ. ಪಾಲಿಪ್ರೊಪಿಲೀನಿನ ಮೈಗೆ ಸಾಮಾನ್ಯ ಅಂಟಾಗಲೀ ಬಣ್ಣವಾಗಲೀ ನೇರವಾಗಿ ಹತ್ತುವುದಿಲ್ಲ. ಬಣ್ಣ ಹೊಡೆಯುವವರು ಮೊದಲು ಪ್ಲಾಸ್ಟಿಕ್ ಪ್ರೈಮರ್ ಕೊಡುವುದು ಅದಕ್ಕೇ. ಆದರೆ ಅದು ಕಾಯಿಸಿದರೆ ಕರಗಿ ಮತ್ತೆ ಬೆಸೆಯುವ ಜಾತಿಯದು. ಮುರಿದ ಬ್ರ್ಯಾಕೆಟ್ಟಿನ ಮೇಲೂ ಪಿಪಿ ಎಂದಿದ್ದರಿಂದ ಅದನ್ನೇ ಸೀಳಿ ಬೆಸುಗೆಕಡ್ಡಿ ಮಾಡಿಕೊಂಡೆವು. ಹಳೆಯ ಟೀ ಸೋಸುವ ಸ್ಟೀಲ್ ಜರಡಿಯಿಂದ ಎರಡು ಬೆರಳಗಲದ ಬಲೆ ಕತ್ತರಿಸಿ, ಸಾಲ್ಡರಿಂಗ್ ಕಡ್ಡಿಯ ಬಿಸಿಯಿಂದ ಅದನ್ನು ಮುರಿದ ಬುಡದ ಒಳಮೈಗೆ ಹುದುಗಿಸಿ, ಮೇಲೆ ಪ್ಲಾಸ್ಟಿಕ್ ಕರಗಿಸಿ ತುಂಬಿದೆವು. ಹೊಗೆಯ ವಾಸನೆ ಒಳ್ಳೆಯದಲ್ಲ. ತೆರೆದ ಜಾಗದಲ್ಲೇ, ಗಾಳಿಗೆ ಬೆನ್ನು ಕೊಟ್ಟು ಮಾಡಬೇಕು. ಬಿಸಿ ಹೊರಮೈಗೆ ಮುಟ್ಟಿದರೆ ಬಣ್ಣ ಗುಳ್ಳೆಯೇಳುವುದರಿಂದ ಸ್ವಲ್ಪ ಸ್ವಲ್ಪವೇ ಕಾಯಿಸಿ, ನಡುವೆ ಆರಲು ಬಿಡುತ್ತಿದ್ದೆವು.

ಫೆಂಡರಿನ ಅಂಚನ್ನು ನೇರ ಮಾಡಲು ಸುತ್ತಿಗೆಯಿಂದ ಬಡಿಯಲಿಲ್ಲ. ಎರಡು ಮರದ ತುಂಡುಗಳ ನಡುವೆ ಹಿಡಿದು ಮೆಲ್ಲನೆ ಹೊರಕ್ಕೆ ಬಾಗಿಸಿ, ಬಲಗಡೆಯ ಅಂಚಿನ ಅಳತೆಗೆ ಹೋಲಿಸುತ್ತ ಬಂದೆ. ಕಾರಿನಲ್ಲಿ ಎರಡು ಪಕ್ಕ ಇರುವುದು ರಿಪೇರಿ ಮಾಡುವವನ ಪಾಲಿನ ದೊಡ್ಡ ಅನುಕೂಲ. ಕೆಟ್ಟ ಪಕ್ಕ ಹೇಗಿರಬೇಕಿತ್ತೆಂದು ಒಳ್ಳೆಯ ಪಕ್ಕ ಹೇಳುತ್ತಿರುತ್ತದೆ. ತಗಡಿನ ಬಣ್ಣ ಬಿರಿದ ಕಡೆ ತುಕ್ಕುನಿರೋಧಕ ಪ್ರೈಮರ್ ಸವರಿದೆ. ಮಳೆಗಾಲದಲ್ಲಿ ಆ ಗೂಡಿನೊಳಗೆ ಸದಾ ಕೆಸರು.

ಹೊಸ ಬ್ರ್ಯಾಕೆಟ್ಟಿಗಾಗಿ ಹುಡುಗನನ್ನು ಸ್ಕೂಟರಿನಲ್ಲಿ ಬಿ.ಎಚ್. ರಸ್ತೆಯ ಅಂಗಡಿಗೆ ಕಳಿಸಿದೆ. ಕಾರನ್ನು ಒಯ್ಯುವಂತಿರಲಿಲ್ಲ. ಮುಂದಿನ ನಂಬರ್ ಪ್ಲೇಟು ಬಂಪರಿನಲ್ಲೇ ಇದೆ, ಅದೂ ಒಮ್ಮೆ ಕೂರಿಸಿದರೆ ಮತ್ತೆ ಬಿಚ್ಚಲಾಗದ ಲಾಕಿನ ಅತಿ ಸುರಕ್ಷಿತ ಫಲಕ (ಎಚ್‌ಎಸ್‌ಆರ್‌ಪಿ). 2019ರ ಏಪ್ರಿಲ್ 1ಕ್ಕಿಂತ ಹಿಂದಿನ ವಾಹನಗಳಿಗೂ ಅದು ಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಹೇಳಿದ ಮೇಲೆ ಹಾಕಿಸಿದ್ದು. ಹೊದಿಕೆಯನ್ನೇ ಬದಲಿಸುವ ಪ್ರಸಂಗ ಬಂದಿದ್ದರೆ ಆ ಫಲಕದ ಗೊಂದಲವೂ ಜೊತೆಗೆ ಬರುತ್ತಿತ್ತು. ಹುಡುಗ ಮೊದಲ ಸಲ ತಂದದ್ದು ಬಲಗಡೆಯ ಬ್ರ್ಯಾಕೆಟ್. ಕಾರಿನ ಎದುರು ನಿಂತು ಕೈ ತೋರಿಸಿ ಎಡ ಬಲ ಲೆಕ್ಕ ಹಾಕಿಕೊಂಡು ಹೋಗಿದ್ದ. ಬಿಡಿಭಾಗಗಳ ಲೋಕದಲ್ಲಿ ಎಡ ಬಲಗಳು ಚಾಲಕನ ಸೀಟಿನಲ್ಲಿ ಕೂತು ಮುಂದೆ ನೋಡುವವನವು. ಎರಡನೇ ಸಲ ಹಳೆಯ ತುಂಡನ್ನೂ ಒಂದು ಹಳೆಯ ಕ್ಲಿಪ್ಪನ್ನೂ ಕೈಯಲ್ಲಿ ಕೊಟ್ಟು ಕಳಿಸಿದೆ. ಕ್ಲಿಪ್ಪಿನ ಕಾಂಡದ ದಪ್ಪ ತೂತಿಗೆ ಸರಿಯಾಗದಿದ್ದರೆ ಹಾಕಿಯೂ ಪ್ರಯೋಜನವಿಲ್ಲ.

ಮರುಜೋಡಣೆಯಲ್ಲಿ ಮೊದಲು ಕಪ್ಲರುಗಳನ್ನು ಸೇರಿಸಿ, ಬ್ಯಾಟರಿ ಜೋಡಿಸಿ, ಎರಡೂ ಫಾಗ್ ಲ್ಯಾಂಪ್ ಉರಿಯುತ್ತವೆಂದು ನೋಡಿ, ಮತ್ತೆ ಬ್ಯಾಟರಿ ಕಳಚಿದೆವು. ಈ ಎರಡು ನಿಮಿಷದ ಕಿರಿಕಿರಿಯನ್ನು ಸಹಿಸದವರು ಎಲ್ಲವನ್ನೂ ಮತ್ತೊಮ್ಮೆ ಬಿಚ್ಚುತ್ತಾರೆ. ಆಮೇಲೆ ಹೊದಿಕೆಯನ್ನು ಎರಡೂ ಪಕ್ಕದ ಬ್ರ್ಯಾಕೆಟ್ಟಿಗೆ ತೂಗುಹಾಕಿ, ಮೇಲಂಚಿನ ಬೋಲ್ಟುಗಳನ್ನು ಕೈಯಲ್ಲಿ ಎರಡು ಸುತ್ತು ಮಾತ್ರ ತಿರುಗಿಸಿ, ಸಂದುಗಳನ್ನು ನೋಡಿದೆವು. ಎಲ್ಲ ಸ್ಕ್ರೂಗಳೂ ತಮ್ಮ ತೂತಿಗೆ ಹೋಗುವವರೆಗೆ ಯಾವುದನ್ನೂ ಬಿಗಿಮಾಡಲಿಲ್ಲ. ಅಂಗೈಯಿಂದ ಒತ್ತಿದಾಗ ಎಡ ಮೂಲೆ ನಾಲ್ಕು ಚಿಕ್ಕ ಸದ್ದು ಮಾಡಿ ಕೂತಿತು, ಗುದ್ದಬೇಕಾಗಲಿಲ್ಲ. ಕೊನೆಗೆ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಹೊತ್ತಿ ಆರಿತು. ಅದು ಆರದಿದ್ದರೆ ಕಾರನ್ನು ಹೊರತೆಗೆಯಬಾರದು.

ಒಟ್ಟು ನಾಲ್ಕು ತಾಸು ಹಿಡಿಯಿತು, ಅಂಗಡಿಗೆ ಎರಡು ಸಲ ಓಡಾಡಿದ್ದೂ ಸೇರಿ. ಬ್ರ್ಯಾಕೆಟ್, ಒಂದು ಡಜನ್ ಕ್ಲಿಪ್ಪು, ಪ್ರೈಮರ್ ಎಲ್ಲ ಕೂಡಿ 640 ರೂಪಾಯಿ. ಕಲ್ಲಿಗೆ ಉಜ್ಜಿದ ಗೀರು ಹಾಗೇ ಉಳಿಯಿತು. ಬೆಳ್ಳಿಬಣ್ಣದ ಲೋಹಛಾಯೆಯನ್ನು ಡಬ್ಬಿಯ ಸ್ಪ್ರೇಯಿಂದ ಹೊಂದಿಸಲು ಹೋದರೆ ತೇಪೆ ದೂರದಿಂದಲೇ ಕಾಣುತ್ತದೆ, ಅದಕ್ಕಿಂತ ಗೀರೇ ವಾಸಿ ಎಂದು ನನ್ನ ಅಭಿಪ್ರಾಯ. ಹುಡುಗ ಇನ್ನು ಮುಂದೆ ಇಂಥದ್ದಾಗದಂತೆ ಕಬ್ಬಿಣದ ಗಾರ್ಡ್ ಹಾಕಿಸುತ್ತೇನೆಂದ. ಬೇಡವೆಂದೆ. ಚಾಸಿಗೆ ನೇರವಾಗಿ ಬಿಗಿಯುವ ಆ ಗಾರ್ಡು ಪೆಟ್ಟನ್ನು ಮೆತ್ತಗೆ ನುಂಗುವ ಭಾಗಗಳನ್ನು ದಾಟಿಸಿ ಒಳಕ್ಕೆ ಕಳಿಸುತ್ತದೆ, ಏರ್‌ಬ್ಯಾಗಿನ ಸಮಯವನ್ನೂ ಕೆಡಿಸಬಹುದು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿತ್ತು. ಆ ದುಡ್ಡಿನಲ್ಲಿ ಗೇಟಿನ ಬಳಿಯ ಚಪ್ಪಡಿಯ ಅಂಚಿಗೆ ಸಿಮೆಂಟಿನ ಇಳಿಜಾರು ಹಾಕಿಸಿದರು.

ಎಲ್ಲ ಮುಗಿದ ಮೇಲೆ ಇಡ್ಲಿ ತಟ್ಟೆಯಲ್ಲಿ ಎರಡು ಸ್ಕ್ರೂ ಉಳಿದಿದ್ದವು. ಹುಡುಗನ ಮುಖ ಸಣ್ಣಗಾಯಿತು. ಗುಳಿಯ ಪಕ್ಕದ ಟೇಪು ನೋಡಿದರೆ, ಅವು ಕೆಳಭಾಗದಿಂದ ತೆಗೆದ, ಮರಕ್ಕೆ ಹಾಕುವ ಆ ಸ್ಕ್ರೂಗಳು. ಅವುಗಳ ಜಾಗದಲ್ಲಿ ಈಗ ಹೊಸ ಕ್ಲಿಪ್ಪುಗಳಿದ್ದವು. ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಅಕ್ಕನಿಗೆ ಒಪ್ಪಿಸಿದೆವು. ಆಕೆ ಮೂಸಿ ನೋಡಿ, ಅದನ್ನು ಇನ್ನು ಮೇಲೆ ಗ್ಯಾರೇಜಿನ ಸಾಮಾನಿನ ಜೊತೆಗೇ ಇಡಲು ಹೇಳಿದಳು.